ತೊಳಿಲ್

ತಾಳವಾಡಿಯ ತಾಲ್ಲೂಕು ಕಚೇರಿಯಲ್ಲಿ
ಫಾರಂ ತುಂಬುವವನು ತಲೆಯೆತ್ತದೆ ಕೇಳಿದ: ‘ತೊಳಿಲ್?’
ಓಟ, ಅಂದೆ.
ಪೆನ್ನು ತಡೆದು ನನ್ನ ಮುಖ ನೋಡಿದ,
ಆಮೇಲೆ ಕಾಲು.
‘ಕೂಲಿ’ ಎಂದು ಬರೆದುಕೊಂಡ.

ಹೊರಗೆ ಬಂದ ಮೇಲೆ ಹೊಳೆಯಿತು:
ಅವನ ತೊಳಿಲ್ ನನ್ನ ಕಿವಿಗೆ ತೊಳಲು ಎಂದು ಬಿದ್ದಿತ್ತು.
ಅವನ ಭಾಷೆಯಲ್ಲಿ ಕಸುಬು, ನನ್ನದರಲ್ಲಿ ಅಲೆದಾಟ.
ಎರಡಕ್ಕೂ ಅದೇ ಉತ್ತರ ಸಾಕಿತ್ತು.

ಕೂಲಿ ಎಂಬುದೂ ಸುಳ್ಳೇನಲ್ಲ.
ನೂರು ಮೈಲಿಗೆ ಇಷ್ಟು, ಮೊದಲು ಮುಟ್ಟಿದರೆ ಇಷ್ಟು,
ನಡುವೆ ಬಿದ್ದರೆ ಬಸ್ ಚಾರ್ಜೂ ಇಲ್ಲ.
ಬೂಟು ಕಂಪನಿಯದು, ವರ್ಷಕ್ಕೆ ನಾಲ್ಕು ಜೊತೆ.
ಉಗುರು ಮಾತ್ರ ನನ್ನವು.
ಬಿದ್ದುಹೋದ ಮೂರು ಬೆಂಕಿಪೊಟ್ಟಣದಲ್ಲಿವೆ,
ತಂಗಿಯ ಮಗ ಶಾಲೆಗೆ ಒಯ್ದು ತೋರಿಸಿ ಬಂದ.

ಬೆಳಗಿನ ಆರಕ್ಕೆ ದಿಂಬದ ಗೇಟು ಎದ್ದಾಗ
ರಾತ್ರಿಯಿಡೀ ನಿಂತ ಲಾರಿಗಳ ಜೊತೆ ನನ್ನನ್ನೂ ಬಿಡುತ್ತಾರೆ.
ಇಪ್ಪತ್ತೇಳು ತಿರುವು ಇಳಿದು ಬಣ್ಣಾರಿಯಲ್ಲಿ ಒಂದು ಟೀ,
ಮತ್ತೆ ಅದೇ ಇಪ್ಪತ್ತೇಳು ಏರುವುದು.
ಸಿಮೆಂಟಿನ ಲಾರಿ ಏದುತ್ತದೆ. ಕ್ಲೀನರ್ ಹುಡುಗ
ಚಕ್ರಕ್ಕೆ ಕೊಡುವ ಕಲ್ಲು ಹಿಡಿದು ಹಿಂದೆ ಹಿಂದೆ ಬರುತ್ತಾನೆ.
ಅವನದೂ ನನ್ನದೂ ಒಂದೇ ವೇಗ.
ಮಾತಿಲ್ಲ. ಉಸಿರು ಇಬ್ಬರಿಗೂ ದುಬಾರಿ.
ಕಾರಪಳ್ಳದಲ್ಲಿ ಒಮ್ಮೆ ಹೆಣ್ಣಾನೆ ಕಬ್ಬಿನ ಲಾರಿ ತಡೆದು
ನಿಧಾನವಾಗಿ ಸುಂಕ ವಸೂಲು ಮಾಡಿತು.
ಹದಿನೆಂಟು ನಿಮಿಷ. ಗಡಿಯಾರ ನಿಲ್ಲಿಸಲಿಲ್ಲ;
ಪಂದ್ಯದಲ್ಲಿ ಯಾರು ನಿಲ್ಲಿಸುತ್ತಾರೆ?

ಹಾಸನೂರಿನ ಚಿಕ್ಕರಾಚಮ್ಮ ಲೋಟ ಚಾಚುತ್ತಾ ಕೇಳುತ್ತಾಳೆ,
‘ಯಾರ್ ಅಟ್ಟುಸ್ಕಂಡು ಬತ್ತಾವ್ರ ಮಗಾ?’
ಯಾರೂ ಇಲ್ಲ ಅಜ್ಜಿ.
‘ಯಾರೂ ಇಲ್ದ ಮ್ಯಾಲ ಯಾಕ ಓಡೀಯೆ?’

ಕೊಯಮತ್ತೂರಿನ ಮೈದಾನದಲ್ಲಿ ಇಪ್ಪತ್ತನಾಲ್ಕು ಗಂಟೆ.
ನಾನೂರು ಮೀಟರಿನ ಸುತ್ತು, ಎಲ್ಲಿಗೂ ಹೋಗದ ದಾರಿ.
ಮೊದಲ ನೂರು ಸುತ್ತು ತಮಿಳಿನಲ್ಲಿ ಎಣಿಸುತ್ತೇನೆ,
ಶಾಲೆ ಕಲಿಸಿದ ಎಣಿಕೆ, ಬೆನ್ನು ನೆಟ್ಟಗಿರುವ ತನಕ.
ನೋವು ಮಂಡಿ ದಾಟಿ ಸೊಂಟಕ್ಕೆ ಬಂದಾಗ
ಹೇಳದೆ ಕೇಳದೆ ಕನ್ನಡ ಬಂದುಬಿಡುತ್ತದೆ.
ನಡುರಾತ್ರಿ ಮೂರಕ್ಕೆ ಹೊಟ್ಟೆ ಎಲ್ಲವನ್ನೂ ಹೊರಗೆ ಹಾಕಿತು,
ಬಾಳೆಹಣ್ಣು, ಗಂಜಿ, ಉಪ್ಪಿನ ಮಾತ್ರೆ.
ಗ್ಯಾಸು ಹೋದ ಕೋಲಾ ಒಂದೇ ಒಳಗೆ ನಿಂತಿತು.
ಹಳದಿ ಅಂಗಿಯ ಪುಣೆಯವಳು ಆರು ಸುತ್ತು ಮುಂದೆ.
ಅವಳ ಮುಖ ನೆನಪಿಲ್ಲ,
ಹಿಮ್ಮಡಿಯ ಬಿರುಕು ಎಷ್ಟೆಂದು ಹೇಳಬಲ್ಲೆ.

ಬೆಳಕು ಹರಿಯುವ ಮುಂಚೆ
ಟ್ರ್ಯಾಕಿನ ಬಿಳಿ ಗೆರೆ ಹಗ್ಗವಾಗಿ ಎದ್ದು ಆಡತೊಡಗಿತು.
ಅಂಕಿಗಳೆಲ್ಲ ಉದುರಿಹೋದವು. ಆಗ ಬಾಯಿ ತಾನಾಗಿ
ಲಾಭ, ಎರಡು, ಮೂರು, ನಾಲ್ಕು...
ರಾಗಿ ಅಳೆಯುವ ಅವ್ವನ ದನಿ.
ಮೊದಲ ಸೇರಿಗೆ ಒಂದು ಅನ್ನಬಾರದು.
ನೂರಾ ಎಪ್ಪತ್ತನೆಯ ಕಿಲೋಮೀಟರಿನಲ್ಲಿ,
ಕಾಲಲ್ಲಿ ಕಾಳಿಲ್ಲ, ಸೇರಿನ ತಳ ಕಾಣುತ್ತಿದೆ,
ಲಾಭ, ಎರಡು, ಮೂರು.
ಲಾಭ.

ಮರುದಿನ ಬಸ್ಸಿನ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿದೆ.
ಕಂಡಕ್ಟರ್ ಬ್ಯಾಗು ಹಿಡಿದುಕೊಂಡ.
ಚಿಕ್ಕರಾಚಮ್ಮ ಟೀ ಎತ್ತಿ ಹುಯ್ಯುತ್ತಾ,
‘ಗೆದ್ಯಾ?’
ಎರಡನೆಯವಳು, ಅಜ್ಜಿ. ಎರಡೇ ಸುತ್ತಿನಲ್ಲಿ ತಪ್ಪಿತು.
ಅವಳು ಲೋಟ ಕೊಡದೆ ಸ್ವಲ್ಪ ಹೊತ್ತು ಯೋಚಿಸಿದಳು.
‘ಅಂಗಾರ ನೀನೇ ಕನಾ
ಅಟ್ಟುಸ್ಕಂಡು ಓಗಿದ್ದೋಳು.’