ಮುಯ್ಯಿ

ಹೋಳಿ ಹುಣ್ಣಿವಿಗೆ ನಾಕು ದಿನ ಮೊದಲ
ನೀಲಗಂಗವ್ವನ ಸಕ್ಕರಿ ಸರ ಬರತದ.
ತರೋ ಹುಡುಗ ಪ್ರತಿ ವರ್ಷ ಬ್ಯಾರೆ,
ಹೇಳೋ ಮಾತು ಅದೇ: "ಕೊಟ್ಟ ಬಾ ಅಂದಾರ."
ಯಾರು ಅಂತ ಅವ ಹೇಳಂಗಿಲ್ಲ,
ಯಾರು ಅಂತ ನಾ ಕೇಳಂಗಿಲ್ಲ.

ಹದಿನಾಕನೇ ಹೋಳಿ ಇದು, ನನ್ನ ನಾದಿನಿ ನನ್ನ ಕೂಡ ಮಾತು ಬಿಟ್ಟು.
ಮನಿ ಮುಳುಗಿತು, ಹಿನ್ನೀರು
ದೇವರ ಮಾಡದ ತನಕ ಏರಿ ನಿಂತಿತು,
ಪರಿಹಾರದ ಚೆಕ್ಕು ಒಬ್ಬರ ಹೆಸರಿಗೆ ಬಂತು.
ಇಷ್ಟ ಕಥಿ. ಉಳಿದದ್ದು
ನೀರಿನ್ಯಾಗಿನ ಗ್ವಾಡಿಗೆ ಗೊತ್ತು.

ಮಾತು ನಿಂತರೂ ಸರ ನಿಲ್ಲಲಿಲ್ಲ.
ಕೂಸಿನ ಮೊದಲ ಹೋಳಿಗೆ ಸೋದರತ್ತಿ ಸರ ಹಾಕದಿದ್ದರ
ಊರು ಏನಂದೀತು?
ಊರ ಅರ್ಧ ನೀರಿನ್ಯಾಗ, ಉಳಿದರ್ಧ ನವನಗರದ ಸೆಕ್ಟರ್ ನಂಬರಿನ್ಯಾಗ;
ಅನ್ನೋ ಬಾಯಿ ಮಾತ್ರ ಎಲ್ಲೂ ಮುಳುಗಿರಲಿಲ್ಲ.

ಆ ವರ್ಷ ಒಂಬತ್ತು ಬಿಲ್ಲಿ ಬಂದ್ವು,
ಹೂವು, ಚಿಕ್ಕಿ, ನಡುವ ಒಂದು ಗಿಣಿ.
ನಾ ಆಕಿ ಮಗಳು ಸಾವಂತ್ರಿಗೆ ಹನ್ನೊಂದರದ್ದು ಕಳಿಸಿದೆ.
ಮರುವರ್ಷ ಹದಿಮೂರು.
ನಾ ಹದಿನೈದು, ಮ್ಯಾಲೊಂದು ಗುಳೇದಗುಡ್ಡದ ಖಣ.
ಆಕಿ ಹದಿನೇಳು, ಖಣ, ಕೊಬ್ಬರಿ ಬಟ್ಟಲ,
ಹುಡುಗಗ ಒಂದು ಹಲಗಿ.
ಆ ಹಲಗಿ ಐದು ದಿನ ನನ್ನ ಕಿವಿಯೊಳಗ
ಆಕೀನೇ ಕುಂತು ಬಡದಂಗ ಇತ್ತು.

ನಮ್ಮ ಹಿರಿಯರು ಚಲೋ ಶಬ್ದ ಇಟ್ಟಾರ ನೋಡ್ರಿ:
ಮುಯ್ಯಿ.
ಮದುವ್ಯಾಗ ಓದಿಸೋದೂ ಅದೇ,
ಹಲ್ಲು ಕಡದು ತೀರಿಸೋದೂ ಅದೇ.

ಹುಡುಗರು ಬೆಳೆದರು. ಮಾನಪ್ಪಗ ಮೀಸಿ ಚಿಗಿತು,
ಸರ ಕೊಳ್ಳಾಗ ಹಾಕ್ಕೋ ಅಂದರ
ಹಿತ್ತಲ ಬಾಗಿಲದಿಂದ ಓಡತಾನ.
ತಿನ್ನೋರಿಲ್ಲ. ಇರಿವಿಗೆ ಅಂಜಿ
ಡಬ್ಬಿಯನ್ನ ನೀರು ತುಂಬಿದ ತಾಟಿನ್ಯಾಗ ಇಡತೀನಿ.
ದಿನಾ ಮುಂಜಾನೆ ಒಂದು ಬಿಲ್ಲಿ ಮುರದು ಚಾಕ್ಕ.
ಹಿಂಗ ಬ್ಯಾಸಗಿ ಮುಗಿಯೋತನಕ
ಆಕಿ ಸಕ್ಕರೀದ ಚಾ ಕುಡಕೋತ
ಆಕೀನ್ನ ಬೈಕೋತ ಬಂದೀನಿ.

ಪ್ರತಿ ವರ್ಷ ಯಾರಿಗಾದರೂ ಹೇಳಿ ತರಸತಿದ್ದೆ; ಈ ಸಲ ನಾನ ಹೋದೆ
ವೆಂಕಟಪೇಟಿಗೆ, ದಸ್ತಗೀರಸಾಬರ ಭಟ್ಟಿಗೆ.
ನೀರಾಗ ನೆನದ ಕಟಗಿ ಅಚ್ಚು,
ಅಚ್ಚಿನ ನಡುವ ಉದ್ದಕ ಮಲಗಿದ ನೂಲು,
ಮ್ಯಾಲೆ ಸುರುವಿದ ಪಾಕ.
ಅಚ್ಚು ಬಿಚ್ಚಿದರ ನೂಲಿನ ಗುಂಟ
ಬೆಳ್ಳನ್ನ ಹೂವು, ಇನ್ನೂ ಬೆಚ್ಚಗ.
ನಾ ಬಾಯಿ ತಗಿಯೋದರೊಳಗ ಮುದುಕಪ್ಪ ಅಂದರು:
"ಅವರು ಅರವತ್ತೊಂದು ಹೇಳ್ಯಾರ.
ನಿಮ್ಮದು ಅರವತ್ಮೂರು ಹಿಡೀಲೇನು, ಅಕ್ಕಾ?"
ನಗಲಿಲ್ಲ. ನೋಡಿದೆ,
ಭಟ್ಟಿ ಮ್ಯಾಲಿನ ತಗಡು ಹೊಸಾದು;
ನಮ್ಮ ಸಿಟ್ಟಿನಿಂದ ಬಿದ್ದದ್ದು.

"ಮೂರು," ಅಂದೆ.
"ಮೂವತ್ತಾ?"
"ಮೂರು. ಹೂವು, ಚಿಕ್ಕಿ, ಗಿಣಿ."
ಯಾಕಂತ ನನಗೂ ಗೊತ್ತಿಲ್ಲ. ಕೈಯಾಗ ರೊಕ್ಕ ಇದ್ವು.
ಮುದುಕಪ್ಪ ಸೌಟು ಕೆಳಗಿಟ್ಟು
ಯಾರೋ ತೀರಿಕೊಂಡಾರ ಅನ್ನೋವ್ರಂಗ ನೋಡಿದರು.

ಬಣ್ಣದ ಬಂಡಿ ಹಾಯೋ ದಿನ, ಮಧ್ಯಾಹ್ನ,
ಯಾರೋ ಬಾಗಿಲ ಬಡದರು. ಹಲಗಿ ಹುಡುಗರು ಅಂತ ತಗದೆ.
ನೀಲಗಂಗವ್ವ.
ತಲಿ ಪೂರಾ ಬೆಳ್ಳಗಾಗ್ಯಾವು, ಆಟೋದಾಗ ಬರೂ ಮುಂದ ಯಾರೋ ಎರಚಿದ
ಗುಲಾಬಿ ಬಣ್ಣ ಒಂದು ಕಪಾಳಕ್ಕ.
ಮುಚ್ಚಿದ ಮುಷ್ಟಿ ನನ್ನ ಮಾರಿ ಮುಂದ ಹಿಡದು ಬಿಚ್ಚಿದಳು.
"ಮೂರ?" ಅಂದಳು.
"ಮೂರ ಏನು? ಮೈಯಾಗ ಆರಾಮಿಲ್ಲೇನು ನಿನಗ?"

ಒಳಗ ಬಾ ಅಂತ ನಾ ಅನ್ನಲಿಲ್ಲ.
ಬಂದಳು. ಕಂಬಕ್ಕ ಬೆನ್ನು ಕೊಟ್ಟು ಕುಂತಳು, ಹಳೇ ಮನಿಯೊಳಗ ಕುಂತಂಗ.
ಇಲ್ಲಿ ಕಂಬ ಇಲ್ಲ, ಸಿಮೆಂಟಿನ ಗ್ವಾಡಿ.
ಚೆಕ್ಕಿನ ಮಾತು ಇನ್ನೂ ಬಂದಿಲ್ಲ. ಬರತದ.
ಚಾಕ್ಕ ನೀರು ಇಟ್ಟು ನಾ ಆಕಿ ಕೈ ನೋಡಿದೆ:
ಹೂವು ಹಂಗೇ ಅದ, ಚಿಕ್ಕಿ ಹಂಗೇ ಅದ,
ಗಿಣಿಗೆ ಬಾಲ ಇಲ್ಲ.
ದಾರಿ ದೂರ. ಬಿಸಲು ಭಾಳ.
ಹಾದ್ಯಾಗ ತಿಂದಾಳ.