ಹೊಳ್ಳಿ ಬರುವಾಗ

ಗೋಡೆಯ ಗಡಿಯಾರ ನಾನೇ ತಂದು ಹಾಕಿದ್ದು,
ರಾಯಚೂರಿನ ತೀನ್ ಕಂದೀಲಿನಲ್ಲಿ ಚೌಕಾಸಿ ಮಾಡಿ.

ಸೋಮವಾರದ ಡಾಕ್ಟರದು ಚುರುಕು ಕೈ.
ತುದಿ ಮುಟ್ಟುವ ತನಕ ಎಲ್ಲರೂ ಒಂದೇ,
ಹೊಳ್ಳಿ ಬರುವಾಗ ಅವರಿಗೆ ಎರಡೂವರೆ ನಿಮಿಷ.
ಹೊರಗೆ ಹದಿನಾಲ್ಕು ಜನ
ರಾತ್ರಿಯಿಡೀ ಓಡಾಡಿ
ಕರುಳು ಬರಿದು ಮಾಡಿಕೊಂಡು ಕೂತಿದ್ದಾರೆ.
"ನಾರ್ಮಲ್, ಸಿಸ್ಟರ್. ಮುಂದಿನವರು."

ಗುರುವಾರದ ಡಾಕ್ಟರಮ್ಮ
ಪ್ರತಿ ಮಡಿಕೆಯ ಹಿಂದೆ ನಿಲ್ಲುತ್ತಾರೆ,
ಮೊರದ ಅಕ್ಕಿಯಲ್ಲಿ ಬಿಳಿಗಲ್ಲು ಹುಡುಕುವವರಂತೆ.
ನೀರು ಬಿಡು ಎನ್ನುತ್ತಾರೆ. ಮಗ್ಗುಲು ಬದಲಿಸು ಎನ್ನುತ್ತಾರೆ.
ನನ್ನ ಸೊಂಟ ನೋಯುತ್ತದೆ. ಬಯ್ದುಕೊಂಡದ್ದೂ ಇದೆ,
ಒಳಗೊಳಗೇ.

ಚೀಟಿಯಲ್ಲಿ ವಾರ ಬರೆಯುವವಳು ನಾನು.
ಬಂದವರು ಕೇಳುವುದಿಷ್ಟೇ:
ಯಾವತ್ತು ಬಸ್ಸು ಖಾಲಿ ಇರ್ತಾವ್ರೀ?

ಅಮರಗುಂಡಪ್ಪ, ಹಟ್ಟಿ ಗಣಿಯಲ್ಲಿ ಮೂವತ್ತೊಂದು ವರ್ಷ,
ಮೊಣಕಾಲು ಎದೆಗೊತ್ತಿ ಮಲಗಿ
ಪರದೆಯನ್ನೇ ನೋಡುತ್ತಿದ್ದ.
"ಏ ತಾಯಿ, ಇದು ನಮ್ಮ ಸುರಂಗ ಇದ್ದಂಗ ಐತಲ್ಲ.
ಹೋಗಾಗ ದಾರಿ ನೋಡ್ತೀವಿ, ಅಷ್ಟ.
ಮ್ಯಾಲಿನ ಬಂಡಿ ನೋಡಾದು ಹೊಳ್ಳಿ ಬರಾಗ.
ಹಾರಿ ತಗೊಂಡು ಬಡೀಬೇಕು.
ಖಣ್ ಅಂದ್ರ ಗಟ್ಟಿ. ಬೊದ್ ಅಂದ್ರ
ಐತಿ, ಹಿಂದ ಏನೋ ಐತಿ.
ನಮ್ಮ ಪಾಳಿಯಾಗ ಒಬ್ಬಾವ ಬಡೀದನ ಬರ್ತಿದ್ದ.
ಆತಗ ಏನೂ ಆಗಲಿಲ್ಲ.
ಆತನ ಹಿಂದ ಹೋದಾವ ಹೊರಗ ಬರಲಿಲ್ಲ."

ಅಂದು ಸೋಮವಾರ.
ಎರಡು ನಿಮಿಷ ನಲವತ್ತು ಸೆಕೆಂಡು.
"ನಾರ್ಮಲ್."
ಡಾಕ್ಟರು ಕೈಗವಸು ಕಳಚುತ್ತಿದ್ದರು,
ಮುದುಕ ನನ್ನತ್ತ ತಿರುಗಿ ಕೇಳಿದ:
"ಬಡಿದ್ರೇನು?"

ಹದಿನೆಂಟು ವರ್ಷದಿಂದ ಈ ಕೊಳವೆ ತೊಳೆಯುತ್ತಿದ್ದೇನೆ.
ಯಾರ ಕೈಗೆ ಎಷ್ಟು ಸಿಕ್ಕವೆಂದು ಬರೆಯಲು
ರಿಜಿಸ್ಟರಿನಲ್ಲಿ ಮನೆಯಿಲ್ಲ.
ಕೊನೆಯ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಗೀಟು ಎಳೆಯುತ್ತೇನೆ.
ಗುರುವಾರ, ಮೂವರಲ್ಲಿ ಒಬ್ಬರಿಗೆ.
ಸೋಮವಾರ, ಇಪ್ಪತ್ತರಲ್ಲಿ ಒಬ್ಬರಿಗೆ.
ಅದೇ ಜೋಳದ ರೊಟ್ಟಿ, ಅದೇ ನೀರು,
ಅದೇ ಯಂತ್ರ.
ಯಾರಿಗೂ ತೋರಿಸಿಲ್ಲ.

"ಹೊಟ್ಟಿ ಪೂರಾ ಖಾಲಿ ಆಗಿದ್ದಿಲ್ರೀ ಯಜಮಾನ್ರ,
ಗುರುವಾರ ಇನ್ನೊಮ್ಮೆ ಬರ್ರಿ," ಎಂದೆ.
ಸುಳ್ಳು. ತೊಳೆದಿಟ್ಟ ತಾಟಿನಂತಿತ್ತು ಒಳಗೆ,
ಪರದೆಯಲ್ಲಿ ಆತನೂ ನೋಡಿದ್ದ.
ಆ ಹಾಳು ಉಪ್ಪುನೀರು ಮತ್ತ ಕುಡೀಬೇಕಾ ಎಂದು ಗೊಣಗುತ್ತ
ಚೀಟಿಯನ್ನು ಧೋತರದ ಚುಂಗಿಗೆ ಕಟ್ಟಿಕೊಂಡ.

ಬೆಂಚಿನ ಮೇಲೆ ಇನ್ನೂ ಹದಿಮೂರು ಜನ.
ಎಲ್ಲರಿಗೂ ಸುಳ್ಳು ಹೇಳಲು
ಗುರುವಾರದಲ್ಲಿ ಅಷ್ಟು ಜಾಗವಿಲ್ಲ.