ಮರೆವಿಗೆ ದಾಖಲೆ

ನಮ್ಮ ಶಾಖೆ ಮೂರನೇ ಮಹಡಿ. ಲಿಫ್ಟು ಎರಡಕ್ಕೇ ಸುಸ್ತು.
ಮೆಟ್ಟಿಲು ಹತ್ತಿ ಬಂದ ಧನಭಾಗ್ಯಮ್ಮ
ಉಸಿರು ಸಿಗುವ ತನಕ ಏನೂ ಹೇಳಲಿಲ್ಲ.
ಅವರಿಗಿಂತ ಮೊದಲು ಕೈಚೀಲ ಹೇಳಿತು:
ಸೀಮೆಎಣ್ಣೆ ವಾಸನೆ.

ಕಡತ ಸಿಕ್ಕಿತು. ಕೆಂಪು ದಾರ ಮುಟ್ಟಿದರೆ ಪುಡಿ.
ಮಿಲ್ ರಸ್ತೆ, ಸರ್ಕಾರಿ ಜಾಗ, ನಲವತ್ತಕ್ಕೆ ಅರವತ್ತು,
ಎಣ್ಣೆ ಡಿಪೋ ನಡೆಸುವ ಸಲುವಾಗಿ ಗುತ್ತಿಗೆ,
ವರ್ಷಕ್ಕೆ ನೂರಾ ಹನ್ನೆರಡು ರೂಪಾಯಿ,
ಮಾರ್ಚಿ ಮೂವತ್ತೊಂದರೊಳಗೆ ಕಟ್ಟತಕ್ಕದ್ದು,
ತಪ್ಪಿದಲ್ಲಿ ತಾನೇ ತಾನಾಗಿ ರದ್ದು.
ಆ ‘ತಾನೇ ತಾನಾಗಿ’ ನೋಡಿ:
ಯಾರ ಕೈಗೂ ಮಸಿಯಿಲ್ಲ.

ಚಲನ್ ಮೇಲಿನ ಮೊಹರು ಏಪ್ರಿಲ್ ಹನ್ನೊಂದು.

ಚಕ್ಕುಬಂದಿ ಗಟ್ಟಿಯಾಗಿ ಓದಿದೆ, ನಿಯಮ ಹಾಗಿದೆ.
ಮೂಡಲಿಗೆ ಕುದುರೆ ನೀರಿನ ತೊಟ್ಟಿ,
ಪಡುವಲಿಗೆ ಮಿಲ್ಲಿನ ಗೋಡೆ,
ಬಡಗಲಿಗೆ ಹುಣಸೆಮರ,
ತೆಂಕಲಿಗೆ ಕೆರೆ ಕೋಡಿ.
ಒಂದೊಂದಕ್ಕೂ ಹೂಂ ಅಂದರು
ನಾಲ್ಕೂ ಇನ್ನೂ ನಿಂತಿರುವ ಹಾಗೆ.
ತೊಟ್ಟಿಯ ಜಾಗದಲ್ಲಿ ಈಗ ಮೆಟ್ರೋ ಕಂಬ,
ಕೋಡಿಯ ಮೇಲೆ ಹದಿನೆಂಟು ಅಂತಸ್ತು,
ಅದರ ಹೆಸರಲ್ಲಿ ಮಾತ್ರ ಕೆರೆ, ಅದೂ ಇಂಗ್ಲಿಷಿನಲ್ಲಿ.

‘ಎಣ್ಣೆ ಎಲ್ಲಿದೆಯಮ್ಮ? ರೇಷನ್ ನಿಂತು ಎಷ್ಟು ವರ್ಷ ಆಯ್ತು!’
‘ಎಣ್ಣೆ ಇಲ್ಲ ಸಾಮಿ. ಟ್ಯಾಂಕೈತೆ, ನೆಲದೊಳಗೆ.
ಮೇಲೆ ನಡೆದ್ರೆ ಢಣ್ ಅಂತದೆ.’
‘ಮತ್ತೆ ಗುತ್ತಿಗೆ ಯಾಕೆ?’
ಅದಕ್ಕೆ ಉತ್ತರ ಬರಲಿಲ್ಲ. ನನ್ನ ಕುರ್ಚಿ ನೋಡಿದರು,
ಕುರ್ಚಿಯ ಬೆನ್ನಿಗೆ ನೇತುಬಿದ್ದ ಟವೆಲು ನೋಡಿದರು.

ನಿಯಮ ಉದಾರಿ. ರದ್ದಾದದ್ದನ್ನೂ ಊರ್ಜಿತಕ್ಕೆ ತರಬಹುದು
ತಡಕ್ಕೆ ತಕ್ಕ ಕಾರಣ ಇದ್ದರೆ:
ಜ್ವರ, ಸಾವು, ಮುಷ್ಕರ, ಅಂಚೆಯ ಅವಾಂತರ.
ಗೇಟಿನಾಚೆ ಛತ್ರಿ ಕೆಳಗೆ ಟೈಪಿಸ್ಟ್ ಸಂಪಂಗಿ ಕೂತಿದ್ದಾನೆ,
ಐವತ್ತಕ್ಕೆ ಟೈಫಾಯ್ಡು, ನೂರಕ್ಕೆ ಸರ್ಟಿಫಿಕೇಟು ಸಮೇತ.
ಕಣ್ಣಲ್ಲೇ ದಾರಿ ತೋರಿಸಿದೆ.
‘ಜ್ವರ ಬಂದಿರಲಿಲ್ವಲ್ಲ,’ ಅಂದರು.
‘ಮರೆತೆ. ಹಂಗೇ ಬರ್ಕೊಳಿ.’

ಬರೆದೆ. ಕಡತ ಮೇಲೆ ಹೋಯಿತು.
ಒಂಬತ್ತು ವಾರ ಮೇಜಿಂದ ಮೇಜಿಗೆ ಮಲಗೆದ್ದು ಇಳಿದು ಬಂತು,
ಅಂಚಿನಲ್ಲಿ ಹಸಿರು ಶಾಯಿ:
‘ಮರೆವಿಗೆ ದಾಖಲೆ ಏನು? ಲಗತ್ತಿಸಿ ಮಂಡಿಸಿ.’

ಅವತ್ತು ಊಟದ ಡಬ್ಬಿ ತೆರೆಯಲಿಲ್ಲ.
ಮೂಲ ಕರಾರು, ಒಂಬತ್ತನೇ ಷರತ್ತು,
ಇಲಿ ಅರ್ಧ ಓದಿ ಬಿಟ್ಟದ್ದು:
ಗುತ್ತಿಗೆದಾರರು ಗೇಟಿನ ಬಳಿ ಸಂಜೆಯಿಂದ ಬೆಳಗಿನವರೆಗೆ
ಒಂದು ಲಾಟೀನು ಉರಿಸತಕ್ಕದ್ದು.
ಬತ್ತಿ ಎಣ್ಣೆಯ ಬಾಬ್ತು ಸರ್ಕಾರ
ತಿಂಗಳಿಗೆ ಎರಡು ರೂಪಾಯಿ ಕೊಡತಕ್ಕದ್ದು.
ಕೊಟ್ಟ ಗುರುತು ಹುಡುಕಿದೆ.
ಒಂದು ರಸೀತಿ? ಒಂದು ಪೈಸೆ?

ಸ್ಥಳ ತನಿಖೆಗೆ ಅಂತ ಬರೆದಿಟ್ಟು ಹೊರಟೆ, ಕತ್ತಲಾಗಿತ್ತು.
ಕಂಬದ ತಲೆಯ ಮೇಲೆ ರೈಲು, ಬೀದಿ ತುಂಬ ಬಿಳಿ ಬೆಳಕು.
ಆ ಬೆಳಕಲ್ಲಿ ಕಣ್ಣು ಕಿರಿದು ಮಾಡಿದರಷ್ಟೇ ಕಾಣುವಂತೆ
ಗೇಟಿನ ಮೊಳೆಗೊಂದು ಲಾಟೀನು.
ಧನಭಾಗ್ಯಮ್ಮ ಸೆರಗಲ್ಲಿ ಗಾಜು ಒರೆಸುತ್ತಿದ್ದರು.
ಎಣ್ಣೆ ಎಲ್ಲಿಂದ ಅಂತ ಕೇಳಲಿಲ್ಲ.
ಕೇಳು ಎನ್ನುವ ನಿಯಮ ಯಾವುದೂ ನನಗೆ ನೆನಪಾಗಲಿಲ್ಲ.
ಹತ್ತಿರ ಹೋದೆ. ಕಾಲಡಿ ನೆಲ ಢಣ್ ಅಂತು.

ಬೆಳಿಗ್ಗೆ ಟಿಪ್ಪಣಿ ಮಂಡಿಸಿದೆ:
‘ಅರ್ಜಿದಾರರು ಮರೆತಿದ್ದಾರೆ. ನಾವೂ.’

ಹಸಿರು ಶಾಯಿ ‘ನಾವೂ’ ಮೇಲೆ ಗೆರೆ ಎಳೆದು
ಉಳಿದದ್ದಕ್ಕೆ ಅನುಮತಿ ಕೊಟ್ಟಿತು.

ಹನ್ನೊಂದು ದಿನದ ದಂಡ ಮೂರು ರೂಪಾಯಿ ನಲವತ್ತು ಪೈಸೆ.
ನಲವತ್ತು ಪೈಸೆ ಎಲ್ಲಿ ಹುಟ್ಟುತ್ತದೆ ಈಗ ಈ ಊರಲ್ಲಿ?
ನಾಲ್ಕು ನಾಣ್ಯ ಎಣಿಸಿ ಕೊಟ್ಟರು, ಮೆಟ್ಟಿಲಿಳಿದು ಹೋದರು.
ಮಿಕ್ಕ ಅರವತ್ತು ಪೈಸೆ ಕಡತದಲ್ಲಿದೆ.
ಲಾಟೀನಿನ ಬಾಬ್ತಿನ ಕೆಳಗೆ ಬರೆದಿದ್ದೇನೆ,
ಪೆನ್ಸಿಲ್ಲಿನಲ್ಲಿ.